ಫೋನ್ ಚಾರ್ಜ್ ಆಗ್ತಿಲ್ವಾ? ಮೊದಲು ತೂತಿಗೆ ಟಾರ್ಚ್ ಬಿಟ್ಟು ನೋಡಿ

ಚಾರ್ಜರ್ ಹಾಕಿದರೆ ಒಂದು ಸಲ ಹತ್ತುತ್ತದೆ, ಇನ್ನೊಂದು ಸಲ ಇಲ್ಲ. ವೈರನ್ನು ಓರೆಯಾಗಿ ಹಿಡಿದುಕೊಂಡರೆ ಮಾತ್ರ ಚಾರ್ಜ್ ಏರುತ್ತದೆ. ಅಂಗಡಿಗೆ ಒಯ್ದರೆ 'ಚಾರ್ಜಿಂಗ್ ಪಿನ್ ಹೋಗಿದೆ, ಹೊಸದು ಹಾಕಬೇಕು' ಅನ್ನುತ್ತಾರೆ. ಹೋಗಿರುವುದೂ ಉಂಟು. ಆದರೆ ಎಷ್ಟೋ ಫೋನ್‌ಗಳಲ್ಲಿ ಆಗಿರುವುದು ಇಷ್ಟೇ: ಜೇಬಿನ ನೂಲು, ಧೂಳು ತೂತಿನೊಳಗೆ ಕೂತಿರುತ್ತದೆ.

ಮೊದಲು ಫೋನ್ ರೀಸ್ಟಾರ್ಟ್ ಮಾಡಿ. ಆಮೇಲೆ ಕೇಬಲ್, ಅಡಾಪ್ಟರ್, ಗೋಡೆಯ ಸಾಕೆಟ್ ಒಂದೊಂದಾಗಿ ಬದಲಿಸಿ ನೋಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದೆಂದು ಗೊತ್ತಾಗುವುದೇ ಇಲ್ಲ. ಅಡಾಪ್ಟರ್ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಅದರ ಜೊತೆ ಇಂಗ್ಲಿಷಿನ 'ಆರ್' (R) ಅಕ್ಷರದಿಂದ ಶುರುವಾಗುವ ನಂಬರ್ ಇಲ್ಲದಿದ್ದರೆ ಅದನ್ನು ಎತ್ತಿ ಪಕ್ಕಕ್ಕಿಡಿ. ಫುಟ್‌ಪಾತ್‌ನ ಅಗ್ಗದ ಚಾರ್ಜರ್ ನನ್ನ ಪ್ರಕಾರ ಬೇಡವೇ ಬೇಡ.

ಈಗ ಕೇಬಲ್ ಚುಚ್ಚಿ ನೋಡಿ. ಕೊನೆಯಲ್ಲಿ 'ಟಕ್' ಅನ್ನಬೇಕು. ಅನ್ನದೆ, ಲೋಹದ ತುದಿ ಸ್ವಲ್ಪ ಹೊರಗೇ ಉಳಿದರೆ ಒಳಗೆ ಕಸವಿದೆ.

ಜನ ಫೋನ್ ಕೆಡಿಸಿಕೊಳ್ಳುವುದು ಇಲ್ಲೇ. ಪಿನ್ನು, ಸೂಜಿ, ಸಿಮ್ ತೆಗೆಯುವ ಕಡ್ಡಿ ಹಾಕಿ ಕೆದಕುತ್ತಾರೆ. ಟೈಪ್-ಸಿ ಪೋರ್ಟಿನ, ಅಂದರೆ ಈಗಿನ ಫೋನ್‌ಗಳ ಚಾರ್ಜಿಂಗ್ ತೂತಿನ, ನಡುವೆ ತೆಳ್ಳನೆಯ ಪಟ್ಟಿಯೊಂದಿದೆ. ಅದರ ಎರಡೂ ಬದಿ ಸೇರಿ 24ರವರೆಗೂ ಪುಟ್ಟ ಲೋಹದ ಸಂಪರ್ಕಗಳು ಇರುತ್ತವೆ. ಲೋಹ ತಗುಲಿದರೆ ಗೀರು ಬೀಳುತ್ತದೆ, ಶಾರ್ಟ್ ಆಗಬಹುದು, ಪಟ್ಟಿಯೇ ಮುರಿಯಬಹುದು.

ಫೋನನ್ನು ಪೂರ್ತಿ ಆಫ್ ಮಾಡಿ. ಮರದ ಹಲ್ಲುಕಡ್ಡಿ ತಗೊಂಡು ತುದಿಯನ್ನು ಬ್ಲೇಡಿನಿಂದ ತೆಳ್ಳಗೆ, ಚಪ್ಪಟೆಯಾಗಿ ಹೆರೆಯಿರಿ. ಹಾಗೇ ತುರುಕಿದರೆ ಅದು ದಪ್ಪ, ಕಸವನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ತೂತು ಕೆಳಮುಖವಾಗಿರುವಂತೆ ಫೋನ್ ಹಿಡಿಯಿರಿ. ಇನ್ನೊಬ್ಬರ ಕೈಲಿ ಟಾರ್ಚ್ ಹಿಡಿಸಿ. ಕಡ್ಡಿ ಹೊರಗೋಡೆಗೆ ಒತ್ತಿಕೊಂಡೇ ಹೋಗಬೇಕು, ನಡುವಿನ ಪಟ್ಟಿಗೆ ತಾಗಬಾರದು. ತಳ ಮುಟ್ಟಿದ ಮೇಲೆ ಮೆಲ್ಲಗೆ ಹೊರಕ್ಕೆ ಎಳೆಯಿರಿ. ಪ್ರತಿ ಸಲ ಚಾರ್ಜರ್ ಹಾಕಿದಾಗಲೂ ಒತ್ತಿಸಿಕೊಂಡ ನೂಲು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿರುತ್ತದೆ, ಒಂದೇ ಸಲಕ್ಕೆ ಬರುವುದಿಲ್ಲ. ಅವಸರ ಬೇಡ. ಬಾಯಿಂದ ಊದಲೂಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ. ಕೊನೆಗೆ ಒಣಗಿದ ಮೆತ್ತನೆ ಬ್ರಶ್ಶಿನಿಂದ ಒಂದೆರಡು ಸಲ ಸವರಿ.

ಮಳೆಯಲ್ಲಿ ನೆನೆದು, ತೇವ ಇದೆ ಅಂತ ಸ್ಕ್ರೀನ್ ಮೇಲೆ ಬಂದಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಚಾರ್ಜರ್ ದೂರವಿಡಿ, ತೂತು ಕೆಳಗೆ ಮಾಡಿ ಗಾಳಿಗೆ ಇಡಿ. ಅಕ್ಕಿ ಡಬ್ಬಿಗೂ ಹಾಕಬೇಡಿ. ಅಕ್ಕಿಯ ಕಣಗಳಿಂದ ಫೋನ್ ಹಾಳಾಗಬಹುದು ಅಂತ ಆ್ಯಪಲ್ ಕಂಪನಿಯೇ ಹೇಳಿದೆ.

ಕಸ ತೆಗೆದ ಮೇಲೂ ಹತ್ತಲಿಲ್ವಾ? ಪಟ್ಟಿ ವಾಲಿದೆಯಾ, ಹಸಿರು ಕಿಲುಬು ಹಿಡಿದಿದೆಯಾ? ಆಗ ರಿಪೇರಿಯೇ ದಾರಿ. ಹಿಂಬದಿ ಉಬ್ಬಿದ್ದರಂತೂ ಬ್ಯಾಟರಿ ಕೆಟ್ಟಿದೆ ಅಂತಲೇ ತಿಳಿಯಿರಿ, ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಹೊಸ ಚಾರ್ಜಿಂಗ್ ಪಿನ್ ಹಾಕಿಸುವ ಮುಂಚೆ ಅಂಗಡಿಯವರನ್ನು ಒಂದು ಮಾತು ಕೇಳಿ: ನಿಮ್ಮ ಫೋನಿನಲ್ಲಿ ಅದು ಬೇರೆ ಸಣ್ಣ ಬೋರ್ಡಿನ ಮೇಲಿದೆಯೋ, ಮುಖ್ಯ ಬೋರ್ಡಿಗೇ ಬೆಸೆದಿದೆಯೋ? ಬೇರೆ ಬೋರ್ಡಾದರೆ ಕೆಲಸ ಸುಲಭ, ಖರ್ಚೂ ಸಾಮಾನ್ಯವಾಗಿ ಕಮ್ಮಿ.