ಕಟ್ಟುವಾಗಿನ ಬಡ್ಡಿ, ಬಾಡಿಗೆಗೆ ಕೊಟ್ಟ ಮೇಲಿನ ಲೆಕ್ಕ

ಕೆಂಗೇರಿಯ ಬಳಿ ಇನ್ನೂ ಕಟ್ಟುತ್ತಿದ್ದ ಫ್ಲ್ಯಾಟಿಗಾಗಿ ನಾನು ಸಾಲ ಪಡೆದದ್ದು 2016ರ ಜೂನ್‌ನಲ್ಲಿ. ಕಟ್ಟಡ ಪೂರ್ಣಗೊಂಡು ಬೀಗದ ಕೈ ಸಿಕ್ಕಿದ್ದು 2019ರ ಅಕ್ಟೋಬರ್‌ನಲ್ಲಿ. 2019ರ ಮಾರ್ಚ್ 31ರವರೆಗೆ ನಾನು ಕಟ್ಟಿದ ಬಡ್ಡಿಯೇ 4,50,000 ರೂಪಾಯಿಯಾಗಿತ್ತು. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 24(ಬಿ) ಪ್ರಕಾರ ಈ ಬಡ್ಡಿಯನ್ನು ಕಟ್ಟಿದ ವರ್ಷದಲ್ಲೇ ತೆರಿಗೆಯ ಲೆಕ್ಕದ ಆದಾಯದಿಂದ ಕಳೆಯುವಂತಿರಲಿಲ್ಲ. ಮನೆ ಪೂರ್ಣಗೊಂಡ ಆರ್ಥಿಕ ವರ್ಷದಿಂದ ಐದು ಸಮಪಾಲು ಮಾಡಿ, ನನ್ನ ಲೆಕ್ಕದಲ್ಲಿ ವರ್ಷಕ್ಕೆ 90,000ದಂತೆ, ಕಳೆಯಬೇಕಿತ್ತು.

ಮೊದಲೆರಡು ವರ್ಷ ನಾವೇ ಆ ಮನೆಯಲ್ಲಿದ್ದೆವು. ಸ್ವಂತ ವಾಸದ ಮನೆಗೆ ಬಡ್ಡಿಯ ಮಿತಿ ಎಲ್ಲ ಸೇರಿ 2 ಲಕ್ಷ. (ಸಾಲ ಪಡೆದ ಆರ್ಥಿಕ ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಕಟ್ಟಡ ಮುಗಿಯದಿದ್ದರೆ ಅದು 30,000ಕ್ಕೆ ಇಳಿಯುತ್ತದೆ, ಬಿಲ್ಡರ್ ಎಳೆದಾಡುತ್ತಿದ್ದಾಗ ನನಗೆ ನಿದ್ದೆಗೆಡಿಸಿದ್ದು ಇದೇ.) ಆಯಾ ವರ್ಷದ ಬಡ್ಡಿಯೇ ಆ ಮಿತಿಯನ್ನು ಮೀರುತ್ತಿದ್ದುದರಿಂದ ಹಳೆಯ ಪಾಲು ಉಪಯೋಗಕ್ಕೆ ಬರಲಿಲ್ಲ. ನನ್ನ ಲೆಕ್ಕ ನೋಡುತ್ತಿದ್ದವರು ಅದನ್ನು ಬರೆಯುವುದನ್ನೇ ಬಿಟ್ಟರು, ನಾನೂ ಮರೆತೆ.

2021ರ ಏಪ್ರಿಲ್‌ನಲ್ಲಿ ಮೈಸೂರಿಗೆ ವರ್ಗವಾಗಿ, ಫ್ಲ್ಯಾಟನ್ನು ತಿಂಗಳಿಗೆ 18,000ಕ್ಕೆ ಬಾಡಿಗೆಗೆ ಕೊಟ್ಟಾಗ ಲೆಕ್ಕವೇ ಬದಲಾಯಿತು. ಬಾಡಿಗೆಯ ಮನೆಗೆ ಬಡ್ಡಿಯ ಮಿತಿಯಿಲ್ಲ. ವರ್ಷದ ಬಾಡಿಗೆ 2,16,000ದಲ್ಲಿ ನಾನೇ ಪಾವತಿಸಿದ ಆಸ್ತಿ ತೆರಿಗೆ 6,000 ಕಳೆದು, ಉಳಿದದ್ದರಲ್ಲಿ ರಿಪೇರಿಯ ರಸೀದಿ ಕೇಳದೆ ಕಾನೂನು ಕೊಡುವ ಶೇಕಡಾ 30ನ್ನೂ ಕಳೆದಾಗ 1,47,000 ಉಳಿಯಿತು. ಬ್ಯಾಂಕಿನ ಪ್ರಮಾಣಪತ್ರದಲ್ಲಿದ್ದ ಆ ವರ್ಷದ ಬಡ್ಡಿ 2,30,000. ಅಲ್ಲಿಗೇ ನಿಲ್ಲುತ್ತಿದ್ದೆ, ಹಳೆಯ ಫೈಲಿನಲ್ಲಿ 2016–19ರ ಪ್ರಮಾಣಪತ್ರಗಳು ಕಣ್ಣಿಗೆ ಬಿದ್ದವು. ಮೂರನೆಯ ಪಾಲಿನ 90,000 ಸೇರಿಸಿದಾಗ ನಷ್ಟ 1,73,000ಕ್ಕೆ ಏರಿತು. ಒಂದು ವರ್ಷದಲ್ಲಿ ಸಂಬಳದ ಆದಾಯಕ್ಕೆ ಹೊಂದಿಸಲು ಬಿಡುವ 2 ಲಕ್ಷದೊಳಗೇ ಇದ್ದುದರಿಂದ ಅಷ್ಟೂ ಹೊಂದಿತು. ಮೀರಿದ್ದರೆ ಹೆಚ್ಚಿನದನ್ನು ಮುಂದಿನ ಎಂಟು ವರ್ಷ ಮನೆ ಆಸ್ತಿಯಿಂದ ಬರುವ ಆದಾಯಕ್ಕೆ ಮಾತ್ರ ಹೊಂದಿಸಬೇಕಾಗುತ್ತಿತ್ತು. ಮೈಸೂರಿನಲ್ಲಿ ನಾನು ಕೊಡುತ್ತಿದ್ದ ಬಾಡಿಗೆಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಸಿಕ್ಕಿತು. ಎರಡನ್ನೂ ಒಟ್ಟಿಗೆ ಕೇಳಬಾರದೆಂದು ಕಚೇರಿಯಲ್ಲಿ ಹಲವರು ತಪ್ಪು ತಿಳಿದಿದ್ದರು.

ಸಾಲಪತ್ರಕ್ಕೆ ಹೆಂಡತಿಯೂ ಸಹಿ ಹಾಕಿದ್ದಳು, ಆದರೆ ಕ್ರಯಪತ್ರದಲ್ಲಿ ಅವಳ ಹೆಸರಿರಲಿಲ್ಲ. ಹೀಗಾಗಿ ಅವಳಿಗೆ ಬಡ್ಡಿಯ ಕಡಿತ ಸಿಗಲಿಲ್ಲ.

2023–24ರಿಂದ ಹೊಸ ತೆರಿಗೆ ಪದ್ಧತಿ ತಾನಾಗಿಯೇ ಅನ್ವಯವಾಗತೊಡಗಿತು. ಅದರಲ್ಲಿ ಬಾಡಿಗೆಯ ಮನೆಯ ಬಡ್ಡಿಯನ್ನು ಕಳೆಯಬಹುದು, ಆದರೆ ನಷ್ಟವನ್ನು ಸಂಬಳಕ್ಕೆ ಹೊಂದಿಸುವಂತಿಲ್ಲ. ಐದನೆಯ ಪಾಲು ಇನ್ನೂ ಬಾಕಿಯಿದ್ದ ಆ ವರ್ಷ, ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಹಳೆಯ ಪದ್ಧತಿಯನ್ನೇ ಆರಿಸಿಕೊಂಡೆ. ಮರುವರ್ಷ ಆ ಪಾಲು ಮುಗಿದು ನಷ್ಟ ಕುಗ್ಗಿತ್ತು. ಎರಡೂ ಬಗೆಯಲ್ಲಿ ಲೆಕ್ಕ ಹಾಕಿ ನೋಡಿದಾಗ ಹೊಸ ಪದ್ಧತಿಯಲ್ಲೇ ತೆರಿಗೆ ಕಡಿಮೆ ಬಂತು.