ಬಿದನೂರಿನ ಪತನದ ಕಾಲದ ಹೆಂಗಸರ ಕಥೆಯನ್ನು ಕಡಿಮೆ ಹಣದಲ್ಲಿ ಸಿನಿಮಾ ಮಾಡುವ ಬಗೆ

1763ರ ಆರಂಭದಲ್ಲಿ ಹೈದರಾಲಿಯ ಸೈನ್ಯ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಗೆದ್ದುಕೊಂಡಿತು. ಕೆಳದಿಯ ರಾಣಿ ವೀರಮ್ಮಾಜಿಯನ್ನು ಮಧುಗಿರಿಯಲ್ಲಿ ಸೆರೆಯಲ್ಲಿಡಲಾಯಿತು. ಇದನ್ನು ಆನೆ, ಕುದುರೆ, ಫಿರಂಗಿಗಳೊಂದಿಗೆ ತೆಗೆಯಲು ಕೋಟಿಗಟ್ಟಲೆ ಹಣ ಬೇಕು. ಆದರೆ ಆ ದಿನಗಳಲ್ಲಿ ಕಾಡಂಚಿನ ಮನೆಯೊಂದರಲ್ಲಿ ಗಂಡಸರಿಲ್ಲದೆ ಉಳಿದ ನಾಲ್ಕೈದು ಹೆಂಗಸರು ಜೀವ ಉಳಿಸಿಕೊಂಡ ಕಥೆಯನ್ನು ಕಲ್ಪಿಸಿ ಹೇಳಲು ಒಂದು ಮನೆ, ಒಂದು ಕ್ಯಾಮೆರಾ ಮತ್ತು ಒಳ್ಳೆಯ ಧ್ವನಿಗ್ರಹಣ ಸಾಕು. ಯುದ್ಧ ಪ್ರೇಕ್ಷಕರ ಕಣ್ಣಿಗಿಂತ ಕಿವಿಗೆ ಹೆಚ್ಚು ಬೀಳಲಿ.

ಚಿತ್ರಕಥೆ ಬರೆಯುವ ಮೊದಲು ಅಡುಗೆಮನೆಯ ಲೆಕ್ಕ ಹಾಕಿಕೊಳ್ಳಿ. ಸುಗ್ಗಿ ಮುಗಿದ ಕಾಲವಾದ್ದರಿಂದ ಕಣಜದಲ್ಲಿ ಭತ್ತವಿದೆ. ಸೈನಿಕರು ಹುಡುಕಿಕೊಂಡು ಬರುವುದೂ ಅದಕ್ಕಾಗಿಯೇ. ಅಕ್ಕಿ ಗಿರಣಿ ಇಲ್ಲದ ಆ ಕಾಲದಲ್ಲಿ ಭತ್ತವನ್ನು ಒರಳಿಗೆ ಹಾಕಿ ಕುಟ್ಟಿದರೆ ಸದ್ದು ತೋಟದಾಚೆಗೂ ಕೇಳುತ್ತದೆ. ಒಲೆ ಹೊತ್ತಿಸಿದರೆ ಹೊಗೆ ಏಳುತ್ತದೆ. ಆರಿಸಿದರೆ, ಬೆಂಕಿಕಡ್ಡಿಯೇ ಇಲ್ಲದ ಶತಮಾನದಲ್ಲಿ, ಕೆಂಡ ತರಲು ನೆರೆಮನೆಗೆ ಹೋಗಬೇಕು, ಅಲ್ಲಿ ಈಗ ಯಾರಿದ್ದಾರೋ ತಿಳಿಯದು. ಹಸಿದ ಮಗುವಿಗಾಗಿ ಅಜ್ಜಿಯೊಬ್ಬಳು ಕತ್ತಲೆಯಲ್ಲಿ ಉಗುರಿನಿಂದ ಒಂದೊಂದೇ ಭತ್ತ ಸುಲಿದು, ಅಗಿದು, ಅದರ ಬಾಯಿಗಿಡುವುದನ್ನು ನಡುವೆ ಕತ್ತರಿಸದೆ ಎರಡು ನಿಮಿಷ ತೆಗೆಯಿರಿ. ಒನಕೆ ಎಂದೊಡನೆ ನಮಗೆ ಚಿತ್ರದುರ್ಗದ ಓಬವ್ವ ನೆನಪಾಗುತ್ತಾಳೆ. ಈ ಹೆಂಗಸರ ಸಂಕಟವೆಂದರೆ ಒನಕೆಯನ್ನು ಎತ್ತಲಾಗದಿರುವುದು, ಮತ್ತು ಅದನ್ನು ಸಹಿಸಿ ಉಳಿದದ್ದೂ ನನ್ನ ಮಟ್ಟಿಗೆ ಶೌರ್ಯವೇ.

ತೀರ್ಥಹಳ್ಳಿ, ಹೊಸನಗರದ ಕಡೆ ಜಗಲಿ, ಅಟ್ಟ, ಕಣಜಗಳಿರುವ ಹಳೆಯ ಮನೆಗಳು ಇನ್ನೂ ಸಿಗುತ್ತವೆ. ಆದರೆ ಮಂಗಳೂರು ಹೆಂಚು ತಯಾರಾಗತೊಡಗಿದ್ದು 1865ರ ಸುಮಾರಿಗೆ. ಆದ್ದರಿಂದ ಮಾಡು ಚೌಕಟ್ಟಿಗೆ ಬಾರದಂತೆ ನೋಡಿಕೊಳ್ಳಿ, ಇಲ್ಲವೇ ಕಾಣುವಷ್ಟು ಭಾಗಕ್ಕೆ ಅಡಿಕೆ ಸೋಗೆ ಹೊದಿಸಿ. ಲಾಟೀನು ಬೇಡ, ಎಣ್ಣೆ ದೀಪವಿರಲಿ. ಇಂದು ನಗರ ಎಂದು ಕರೆಯುವ ಬಿದನೂರಿನ ಕೋಟೆಯಲ್ಲಾಗಲಿ ಕವಲೇದುರ್ಗದ ಕೋಟೆಯಲ್ಲಾಗಲಿ ಚಿತ್ರೀಕರಿಸಲು ಪುರಾತತ್ವ ಇಲಾಖೆಯ ಲಿಖಿತ ಅನುಮತಿಯನ್ನೂ, ಕಾಡಿಗೆ ಕಾಲಿಡುವುದಾದರೆ ಅರಣ್ಯ ಇಲಾಖೆಯ ಅನುಮತಿಯನ್ನೂ ಮುಂಚಿತವಾಗಿ ಪಡೆಯಿರಿ. ಇಂದು ಪಾಳುಬಿದ್ದಿರುವ ಗೋಡೆಗಳು ಅಂದು ಗಟ್ಟಿಯಾಗಿ ನಿಂತಿದ್ದವು. ಡಿಸೆಂಬರ್, ಜನವರಿಯ ಬೆಳಗಿನ ಮಂಜಿನಲ್ಲಿ ದೂರದಿಂದ ತೆಗೆದರೆ ಆ ವ್ಯತ್ಯಾಸ ಕಾಣುವುದಿಲ್ಲ. ಕಥೆಯ ಋತುವೂ ಸರಿಸುಮಾರು ಅದೇ.

ಕಲಾವಿದೆಯರಿಗಾಗಿ ದೂರ ಹೋಗಬೇಕಿಲ್ಲ. ಹೆಗ್ಗೋಡಿನ ನೀನಾಸಂ 1949ರಿಂದ ಇದೆ. ಅಲ್ಲಿ ರಂಗತರಬೇತಿ ಪಡೆದವರೂ, ನಮ್ಮ ಊರುಗಳ ಹವ್ಯಾಸಿ ತಂಡದವರೂ ಮಲೆನಾಡಿನ ಮಾತನ್ನು ಸಹಜವಾಗಿ ಆಡುತ್ತಾರೆ. ಅವರ ಸಂಭಾವನೆಯನ್ನು ಬಜೆಟ್ಟಿನ ಮೊದಲ ಸಾಲಿನಲ್ಲಿಯೇ ಬರೆದಿಡಿ.

ಸೈನಿಕರನ್ನು ಹೆಜ್ಜೆಸದ್ದು, ಗೊರಸಿನ ಸದ್ದು, ಬಾಗಿಲ ಸಂದಿಯ ನೆರಳುಗಳಲ್ಲಿಯೇ ಇಡಿ. ಹೈದರನ ಸೈನ್ಯದಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದರು. ಕ್ರೌರ್ಯವನ್ನು ಒಂದು ಮತದ ತಲೆಗೆ ಕಟ್ಟಿದರೆ ಚರಿತ್ರೆಗೂ ಕಥೆಗೂ ಅನ್ಯಾಯವಾಗುತ್ತದೆ. ಹೆಂಗಸರ ಮೇಲಿನ ಹಿಂಸೆಯನ್ನು ನೋಡುವವರ ಕುತೂಹಲಕ್ಕಾಗಿ ತೋರಿಸಲೇಬೇಡಿ.

ಉಳಿದ ಹಣವನ್ನೆಲ್ಲ ಧ್ವನಿಗೆ ಹಾಕಿ. ಜನರೇಟರನ್ನು ಮನೆಯಿಂದ ಸಾಕಷ್ಟು ದೂರದಲ್ಲಿಡಿ. ಚಿತ್ರೀಕರಣ ಮುಗಿದ ರಾತ್ರಿಗಳಲ್ಲಿ ಧ್ವನಿಗ್ರಾಹಕರೊಬ್ಬರೇ ಅಟ್ಟದ ಮೇಲೆ ಕುಳಿತು ಜೀರುಂಡೆಯ ಸದ್ದನ್ನೂ, ಅದು ಹಠಾತ್ತನೆ ನಿಲ್ಲುವುದನ್ನೂ, ಹಲಗೆಯ ಕಿರುಗುಟ್ಟುವಿಕೆಯನ್ನೂ ದಾಖಲಿಸಿಕೊಳ್ಳಲಿ. ಸಂಕಲನದ ಮೊದಲ ಪ್ರತಿಯನ್ನು ಹಿನ್ನೆಲೆ ಸಂಗೀತವಿಲ್ಲದೆ ನೋಡಿ, ಎಲ್ಲಿ ಭಯ ಹುಟ್ಟಲಿಲ್ಲವೋ ಆ ದೃಶ್ಯವನ್ನು ಮತ್ತೆ ಕತ್ತರಿಸಿ ಜೋಡಿಸಿ. ಸಂಗೀತ ನಿರ್ದೇಶಕರನ್ನು ಕರೆಸುವುದು ಆಮೇಲೆ.