ಎಡಕ್ಕೆ ಸ್ಪ್ಯಾನಿಷ್, ಬಲಕ್ಕೆ ಕನ್ನಡ

ಡಿಗ್ರಿ ಎರಡನೇ ವರ್ಷದಲ್ಲಿ ಒಂದು ವಿದೇಶಿ ಭಾಷೆ ತಗೊಳ್ಳಬೇಕಿತ್ತು. ಫ್ರೆಂಚ್ ಸೀಟು ಭರ್ತಿಯಾಗಿತ್ತು, ಜರ್ಮನ್ ಕ್ಲಾಸು ಬೆಳಗ್ಗೆ ಏಳೂವರೆಗೆ. ಹಾಗಾಗಿ ಸ್ಪ್ಯಾನಿಷ್. ಇದಕ್ಕಿಂತ ಘನವಾದ ಕಾರಣ ಏನೂ ಇರಲಿಲ್ಲ.

ನಾನು ಮಂಡ್ಯ ಕಡೆಯವನು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಬೆಂಗಳೂರಿನ ಆ ಕ್ಲಾಸಿನಲ್ಲಿ ಮೇಡಂ ಸ್ಪ್ಯಾನಿಷನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಇಂಗ್ಲಿಷ್ ಅರ್ಥ ಬರೆದುಕೊಂಡು, ರೂಮಿಗೆ ಹೋಗಿ ಅದನ್ನು ಕನ್ನಡಕ್ಕೆ ತಂದುಕೊಳ್ಳುತ್ತಿದ್ದೆ. ಮೂರನೇ ವಾರ ಒಂದು ದಿನ ಮೇಡಂ 'ಕೋಮೊ ಎಸ್ತಾಸ್?', ಅಂದರೆ ಹೇಗಿದ್ದೀಯ ಎಂದು ಕೇಳಿದರು. ಮಧ್ಯಾಹ್ನದ ಊಟ ಆಗಿ ತೂಕಡಿಕೆ ಬರುತ್ತಿತ್ತು. ಧೈರ್ಯ ಮಾಡಿ 'ಸೋಯ್ ಅಬುರ್ರಿದೊ' ಎಂದೆ. ನನಗೆ ಬೋರಾಗಿದೆ ಅನ್ನುವುದು ನನ್ನ ಉದ್ದೇಶ. ನಾನು ಹೇಳಿದ್ದು 'ನಾನು ಬೋರು ಹೊಡೆಸುವ ಮನುಷ್ಯ' ಎಂದು. ಮೇಡಂ ನಕ್ಕು, 'ಎಸ್ತೋಯ್ ಅನ್ನಬೇಕಿತ್ತು' ಎಂದರು. ಅಂತೂ ಅವರ ಪಾಠ ಬೋರು ಎಂದು ಮುಖಕ್ಕೆ ಹೇಳುವುದರಿಂದ ಬಚಾವಾದೆ.

ಸ್ಪ್ಯಾನಿಷಿನಲ್ಲಿ 'ಇರು' ಅನ್ನುವುದಕ್ಕೆ ಎರಡು ಕ್ರಿಯಾಪದ, ಸೆರ್ ಮತ್ತು ಎಸ್ತಾರ್. ಸೋಯ್ ಮೊದಲನೆಯದರ ರೂಪ, ಎಸ್ತೋಯ್ ಎರಡನೆಯದರದ್ದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಹಾಗಾಗಿ ಇಡೀ ಕ್ಲಾಸಿಗೇ ಅದು ತಲೆನೋವು. ಆ ರಾತ್ರಿ ವಾಕ್ಯಗಳನ್ನೆಲ್ಲ ನೇರವಾಗಿ ಕನ್ನಡದಲ್ಲಿ ಬರೆದು ನೋಡಿದೆ. 'ನಾನು ವಿದ್ಯಾರ್ಥಿ': ಇಲ್ಲಿ ಕ್ರಿಯಾಪದವೇ ಇಲ್ಲ, ಅಲ್ಲಿ ಸೋಯ್. 'ಮನೆಯಲ್ಲಿದ್ದೇನೆ': ಎಸ್ತೋಯ್ ಎನ್ ಕಾಸಾ. 'ಬಾಳೆಹಣ್ಣು ಇನ್ನೂ ಹಸಿರಾಗಿದೆ': ಎಸ್ತಾ ಬೆರ್ದೆ. ಕನ್ನಡದಲ್ಲಿ ಕ್ರಿಯಾಪದ ಬೇಡದ ಕಡೆ ಸೆರ್. ಇದೆ, ಇದ್ದಾನೆ, ಆಗಿದೆ ಬಂದ ಕಡೆ ಎಸ್ತಾರ್. ನೂರಕ್ಕೆ ನೂರು ನಿಲ್ಲುವ ಸೂತ್ರ ಅಲ್ಲ. 'ಪಾರ್ಟಿ ನಮ್ಮ ಮನೆಯಲ್ಲಿದೆ' ಎಂದು ಪರೀಕ್ಷೆಯಲ್ಲಿ ಎಸ್ತಾರ್ ಹಾಕಿ ಒಂದು ಮಾರ್ಕು ಕಳಕೊಂಡೆ. ಸಮಾರಂಭ ಎಲ್ಲಿ ನಡೆಯುತ್ತದೆ ಅನ್ನುವುದಕ್ಕೆ ಅವರು ಸೆರ್ ಬಳಸುತ್ತಾರೆ. ಆದರೂ ಹರಿಗೋಲು ದಡ ಮುಟ್ಟಿಸಿತು.

ಅವತ್ತಿನಿಂದ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದೆ. ಎಡಕ್ಕೆ ಸ್ಪ್ಯಾನಿಷ್, ಬಲಕ್ಕೆ ಕನ್ನಡ, ಇಂಗ್ಲಿಷಿಗೆ ಜಾಗ ಇಲ್ಲ. 'ಮೆ ಗುಸ್ತಾ ಎಲ್ ಕಫೆ' ಬಂದಾಗ ಪಕ್ಕದವರು 'ಕಾಫಿ ನನ್ನನ್ನು ಮೆಚ್ಚಿಸುತ್ತದೆ' ಎಂಬ ಸರ್ಕಸ್ಸು ಮಾಡುತ್ತಿದ್ದರು. ನನಗೆ ಅದು ಬರೀ 'ನನಗೆ ಕಾಫಿ ಇಷ್ಟ'. ಮೆ ಅಂದರೆ ನನಗೆ. ತಲೆ ನೋಯುತ್ತಿದ್ದರೂ 'ನನಗೆ'ಯೇ: ಮೆ ದ್ವೇಲೆ ಲಾ ಕಬೇಸಾ. ತೂ ಮತ್ತು ಉಸ್ತೇದ್ ನಮ್ಮ ನೀನು, ನೀವು. 'ಬರ್ತೀನಿ' ಅಂದರೆ ಸಾಕು, 'ನಾನು' ಬೇಕಿಲ್ಲ. ಅವರದ್ದೂ ಅದೇ ರೂಢಿ.

ಉಚ್ಚಾರದಲ್ಲಂತೂ ನಮ್ಮ ಲಿಪಿ ಕೈ ಹಿಡಿಯಿತು. ಅವರದ್ದು ಹಲ್ಲಿಗೆ ತಾಗುವ ತ, ಹಾಗಾಗಿ ತೊಮಾತೆ, ಟೊಮ್ಯಾಟೊ ಅಲ್ಲ. ಎಸ್ಪಾಞೋಲ್ ಎಂದು ಬರೆಯುವಾಗ, ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಞ ಕೊನೆಗೂ ಕೆಲಸಕ್ಕೆ ಬಂತು. ಪೆರೊ ಅಂದರೆ 'ಆದರೆ', ಪೆರ್ರೊ ಅಂದರೆ ನಾಯಿ. ನಾಯಿ ಗುರ್ ಅನ್ನುತ್ತದಲ್ಲ, ಅದಕ್ಕೇ ರ ಒತ್ತು ಎಂದು ನೆನಪಿಟ್ಟುಕೊಂಡೆ. ಒತ್ತು ಬೀಳುವ ಸ್ವರಕ್ಕೆ ದೀರ್ಘ ಹಾಕಿಕೊಂಡೆ: ಆಬ್ಲೊ ಅಂದರೆ ಮಾತಾಡುತ್ತೇನೆ, ಅಬ್ಲೋ ಅಂದರೆ ಅವನು ಮಾತಾಡಿದ. ಇದು ಸ್ವಲ್ಪ ಅತಿಯಾಗಿ, ನೀನು ಓದುತ್ತೀಯೋ ಹಾಡುತ್ತೀಯೋ ಎಂದು ಮೇಡಂ ಕೇಳಿದ್ದೂ ಉಂಟು.

ಹಕಾರದ ಕಥೆ ಇನ್ನೂ ಚೆಂದ. ನಮ್ಮೂರಲ್ಲಿ ಹಾಲು 'ಆಲು', ಹಾಸನ 'ಆಸನ'. ಇದಕ್ಕೆ ಹೈಸ್ಕೂಲಿನಲ್ಲಿ ಬೆಂಚಿನ ಮೇಲೆ ನಿಂತಿದ್ದೇನೆ. ಸ್ಪ್ಯಾನಿಷಿನಲ್ಲಿ ಹಕಾರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ; ಹೋಲಾ ಎಂದು ಬರೆದದ್ದನ್ನು ಓಲಾ ಎಂದು ಓದಬೇಕು. ಅದಕ್ಕೂ ಹಿಂದಿನದು ಮೇಡಂ ಹೇಳಿದ್ದು: ಲ್ಯಾಟಿನಿನ ಫರೀನಾ, ಅಂದರೆ ಹಿಟ್ಟು, ಮೊದಲು ಹರೀನಾ ಆಗಿ, ಆಮೇಲೆ ಬಾಯಲ್ಲಿ ಅರೀನಾ ಆಯಿತಂತೆ. ಹಳಗನ್ನಡದ ಪಾಲ್ ಹಾಲಾಗಿ, ನಮ್ಮಜ್ಜಿಯ ಬಾಯಲ್ಲಿ ಆಲಾಗಿದೆ. ಎಲ್ಲಿಯ ಮದ್ದೂರು, ಎಲ್ಲಿಯ ಮ್ಯಾಡ್ರಿಡ್!

ಕನ್ನಡ ಕೈಬಿಟ್ಟದ್ದು ಲಿಂಗದಲ್ಲಿ. ನಮಗೆ ಮೇಜು, ಕುರ್ಚಿ, ಗೋಡೆ ಎಲ್ಲ 'ಅದು'. ಅಲ್ಲಿ ಮೇಸಾ, ಅಂದರೆ ಮೇಜು, ಹೆಣ್ಣು. ಪದ 'ಆ' ಎಂದು ಕೊನೆಯಾದರೆ ಹೆಣ್ಣು ಅಂದುಕೊಂಡರೆ ದಿನ, ನಕಾಶೆ, ಸಮಸ್ಯೆ ಮೂರೂ ಗಂಡು: ಎಲ್ ದೀಯಾ, ಎಲ್ ಮಾಪಾ, ಎಲ್ ಪ್ರೊಬ್ಲೇಮಾ. 'ಓ' ಎಂದು ಕೊನೆಯಾದರೂ ಕೈ ಹೆಣ್ಣು, ಲಾ ಮಾನೊ. ಹಿಂದಿ ಬಲ್ಲವರು ಇಲ್ಲಿ ಸಲೀಸಾಗಿ ಮುಂದೆ ಹೋದರು. ಅವರಿಗೆ ಲಿಂಗದ ಈ ಕಾಟ ಹೊಸದೇನಲ್ಲ. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು ಪೆನ್ನು ಇಟ್ಟುಕೊಂಡೆ. ಬರೀ ಪದ ಬರೆಯುವುದನ್ನು ಬಿಟ್ಟೆ, ಎಲ್ ಅಥವಾ ಲಾ ಸೇರಿಸಿಯೇ ಬಾಯಿಪಾಠ. ಹಾಗೂ ಹೀಗೂ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ನಾಲ್ಕಕ್ಕೆ ಮೂರು ಸರಿ ಬರುತ್ತಿತ್ತು.

ಮುಂದಿನ ಸೆಮಿಸ್ಟರಿನ ಎರಡು ಬಗೆಯ ಭೂತಕಾಲಕ್ಕೆ 'ಬಂದೆ', 'ಬರ್ತಿದ್ದೆ' ಎಂಬ ಜೋಡಿ ಸಾಕಾಯಿತು. ಈಗ ಪೋರ್ ಮತ್ತು ಪಾರಾ ಎಂಬ ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ. ನನ್ನ ಬಾಯಿಗೆ ಬರುವ 'ಗೋಸ್ಕರ' ಒಮ್ಮೆ ಇದಕ್ಕೆ ಸರಿ, ಒಮ್ಮೆ ಅದಕ್ಕೆ. ನೋಟ್‌ಬುಕ್ಕಿನಲ್ಲಿ ಎಡಗಡೆ ಮೂರು ಪುಟ ತುಂಬಿದೆ, ಬಲಗಡೆ ಇನ್ನೂ ಖಾಲಿ.